ಸೊನ್ನೆ ಬೇರೆ, ಅಂಕವಿಲ್ಲ ಬೇರೆ

ಶವಪೆಟ್ಟಿಗೆಗೆ ಹೆಗಲು ಕೊಡುವ ಆರು ಜನರಲ್ಲಿ ಐದು ಹೆಸರು ಬರೆದಾಗಿತ್ತು. ಆರನೆಯ ಹೆಸರು ಕೇಳಿದ ಕೂಡಲೇ ನೇವಾ ಡಾಬ್ಸ್‌ಳ ಪೆನ್ನು ನಿಂತುಬಿಟ್ಟಿತು.

"ರಾಯ್ಸ್ ಟ್ಯಾಕೆಟ್," ಎಂದು ಸತ್ತವಳ ಮಗ ಡ್ವೇನ್ ಮತ್ತೊಮ್ಮೆ ಹೇಳಿದ. "ಅಮ್ಮನೇ ಬರೆದಿಟ್ಟು ಹೋಗಿದ್ದಾಳೆ, ನೇವಾ ಆಂಟಿ. ಯಾಕೆ ಅಂತ ನನ್ನ ಕೇಳ್ಬೇಡಿ."

ನೇವಾ ಕೇಳಲಿಲ್ಲ, ಬರೆದಳು. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ಇಪ್ಪತ್ತಾರು ವರ್ಷಗಳಿಂದ ಅವಳ ಕೆಲಸ. ಒಕ್ಲಹಾಮಾದ ಆ ಮೂಲೆಯಲ್ಲಿ ಲಗಾಮಿನ ಸನ್ನೆಯಲ್ಲೇ ಕುದುರೆಯನ್ನು ಓಡಿಸಿ ತಿರುಗಿಸಿ ನಿಲ್ಲಿಸುವ ಮಕ್ಕಳ ಲಗಾಮು ಸ್ಪರ್ಧೆ ಎಲ್ಲಿ ನಡೆದರೂ ತೀರ್ಪಿನ ಕುರ್ಚಿಯಲ್ಲಿ ಓಲೀಟಾ ಪ್ರೂಯಿಟ್, ಅವಳ ಎಡಕ್ಕೆ ತೊಡೆಯ ಮೇಲೆ ಅಂಕ ಬರೆಯುವ ಹಲಗೆ ಇಟ್ಟುಕೊಂಡು ನೇವಾ. ಓಲೀಟಾ ಕುದುರೆಯ ಮೇಲಿನ ಕಣ್ಣು ತೆಗೆಯದೆ ತುಟಿಯಂಚಿನಲ್ಲೇ ಹೇಳುತ್ತಿದ್ದಳು: ಈ ವೃತ್ತಕ್ಕೆ ಅರ್ಧ ಸೇರಿಸು, ಗಿರಕಿ ಕಾಲು ಸುತ್ತು ಜಾಸ್ತಿಯಾಯಿತು, ಒಂದು ಕಳೆ. ನೇವಾ ಬರೆಯುತ್ತಿದ್ದಳು. ವಾರವಿಡೀ ಓಲೀಟಾ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಬಡಿಸುವವಳು. ಶನಿವಾರ ಅದೇ ಮಕ್ಕಳಲ್ಲಿ ಕುದುರೆ ಏರಿದವರಿಗೆ ಅಂಕ ಕೊಡುವವಳು. ಎರಡು ಕಡೆಯೂ ಅವಳ ಸೌಟು ಒಂದೇ ಅಳತೆಯದು ಎಂದು ಊರು ಹೇಳುತ್ತಿತ್ತು. ತಾಯಿಯಾದವಳು ಮಗನಿಗೆ ಅಂಕ ಕೊಡುವ ಹಾಗಿಲ್ಲ ಎಂಬ ನಿಯಮವಿದೆಯೆಂದು, ಡ್ವೇನ್ ಸ್ಪರ್ಧೆಯ ವಯಸ್ಸು ದಾಟುವವರೆಗೆ ಆ ಕುರ್ಚಿಯ ಹತ್ತಿರಕ್ಕೂ ಸುಳಿದಿರಲಿಲ್ಲ. ಮಂಗಳವಾರ ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ಎದೆಬಡಿತ ನಿಂತು ಓಲೀಟಾ ಹೋದಳು. ಎಪ್ಪತ್ತೆಂಟು ವರ್ಷ ಆಗಿತ್ತು.

ಸಮಾಧಿಯ ಹತ್ತಿರ ನೀವೇ ಎರಡು ಮಾತು ಆಡಬೇಕು ಎಂದು ಡ್ವೇನ್ ಕೇಳಿಕೊಂಡ. ಸ್ಪರ್ಧೆ ನಡೆಸುವ ಸಂಘದವರ ಕಾಗದವೂ ಅವನ ಜೇಬಿನಲ್ಲಿತ್ತು. ಇನ್ನು ಮೇಲೆ ಅಂಕ ಬರೆಯಲು ಬರುವ ಹೊಸಬರಿಗೆಲ್ಲ ನೇವಾಳೇ ಪಾಠ ಹೇಳಬೇಕಂತೆ, ಅಷ್ಟು ವರ್ಷದಲ್ಲಿ ಒಂದು ತಪ್ಪೂ ಮಾಡದ ಕೈ ಅದಂತೆ. ಹೊರಡುವ ಮುಂಚೆ ಅವನು ದನಿ ತಗ್ಗಿಸಿದ. "ರಾಯ್ಸ್ ಮಗಳು ಡೆಸ್ಸಾನೂ ಬರ್ತಾಳಂತೆ. ಅಪ್ಪ ಮಗಳು ಮುಖ ಕೊಟ್ಟು ಮಾತಾಡಿ ಎಷ್ಟು ವರ್ಷ ಆಯ್ತೋ. ಇವತ್ತೊಂದು ದಿನ ಜಗಳ ಆಗದೆ ಮುಗಿದ್ರೆ ಸಾಕಪ್ಪ ದೇವರೇ."

ನೇವಾ ಪೆನ್ನಿನ ಮುಚ್ಚಳ ಹಾಕಿದಳು. ಆರನೆಯ ಹೆಸರು ಕಾಣದ ಹಾಗೆ ಹಾಳೆ ಮಡಿಸಿದಳು.

* * *

ಹತ್ತೊಂಬತ್ತು ವರ್ಷದ ಹಿಂದಿನ ಆ ಏಪ್ರಿಲ್ ಶನಿವಾರ ಗಾಳಿಗೆ ಕೆಂಪು ಧೂಳು ಹಲ್ಲಿನ ಸಂದಿಗೂ ನುಗ್ಗುತ್ತಿತ್ತು. ಬೆಳಿಗ್ಗೆ, ಕುದುರೆಗಳಿಗೆ ಮೈ ಬಿಸಿ ಮಾಡಿಸುವ ಆವರಣದ ಪಕ್ಕ ಹಾದು ಹೋಗುವಾಗ ನೇವಾ ಒಬ್ಬ ಹುಡುಗಿಯನ್ನು ಕಂಡಳು. ಹಸಿರು ಅಂಗಿ, ಮುಖದ ಮೇಲೆ ಟೋಪಿಯ ನೆರಳು. ಯಾರೂ ನೋಡುತ್ತಿಲ್ಲ ಎಂದುಕೊಂಡು ಆ ಹುಡುಗಿ ಎರಡೂ ಕೈಯಲ್ಲಿ ಲಗಾಮು ಜಗ್ಗಿ ಜಗ್ಗಿ ಕುದುರೆಯ ಬಾಯಿ ಹರಿಯುವ ಹಾಗೆ ಎಳೆಯುತ್ತಿದ್ದಳು. ನೇವಾಳ ರಕ್ತ ಕುದಿಯಿತು. ಆದರೆ ಅಂಕ ಬರೆಯುವವಳಿಗೆ ಕಣ್ಣಿದ್ದರೂ ಬಾಯಿಲ್ಲ. ತನಗನಿಸಿದ್ದನ್ನು ತೀರ್ಪುಗಾರ್ತಿಗೆ ಹೇಳುವ ಹಾಗಿಲ್ಲ. ಅವಳು ಅದನ್ನು ನುಂಗಿಕೊಂಡು ಹೋಗಿ ಕುರ್ಚಿಯಲ್ಲಿ ಕೂತಳು.

ಮಧ್ಯಾಹ್ನ ಹಸಿರು ಅಂಗಿ ತೊಟ್ಟು ಅಖಾಡಕ್ಕೆ ಬಂದವಳು ಹದಿನಾಲ್ಕರ ಡೆಸ್ಸಾ ಟ್ಯಾಕೆಟ್. ರಾಯ್ಸ್ ತಾನೇ ಪಳಗಿಸಿದ ಕೆಂಪು ಕುದುರೆ. ವೃತ್ತಗಳು ಸಲೀಸು. ಗಿರಕಿ ನಾಲ್ಕೆಂದರೆ ನಾಲ್ಕೇ, ಕೂದಲೆಳೆ ಹೆಚ್ಚಿಲ್ಲ. ಕೊನೆಯದಾಗಿ ಓಡಿಬಂದು ಹಿಂಗಾಲ ಮೇಲೆ ಜಾರಿ ನಿಲ್ಲಬೇಕು. ಕುದುರೆ ಜಾರಿತು, ಮುಂಗಾಲು ಮಡಿಸಿತು, ಹುಡುಗಿ ಕತ್ತಿನ ಮೇಲೆ ಮುಗ್ಗರಿಸಿದಳು. ಬೀಳದಿರಲು ಎರಡನೆಯ ಕೈ ಲಗಾಮಿಗೆ ಹೋಯಿತು. ಆ ಬಗೆಯ ಕಡಿವಾಣಕ್ಕೆ ಒಂದೇ ಕೈ ಎಂಬುದು ನಿಯಮ.

"ಸೊನ್ನೆ. ಎರಡು ಕೈ," ಎಂದಳು ಓಲೀಟಾ.

ನೇವಾಳ ಪೆನ್ನು ಬರೆದದ್ದು "ಅಂಕವಿಲ್ಲ" ಎಂದು.

ಎರಡರಲ್ಲೂ ಬಹುಮಾನ ಬರುವುದಿಲ್ಲ. ಹೊರಗಿನವರಿಗೆ ಎರಡೂ ಒಂದೇ. ಆದರೆ ಆ ಬೇಲಿಯ ಸುತ್ತ ಕೂತವರಿಗೆ ಹಾಗಲ್ಲ. ಸೊನ್ನೆಯೆಂದರೆ ಕೈ ತಪ್ಪಿತು, ಲೆಕ್ಕ ತಪ್ಪಿತು, ಮುಂದಿನ ಶನಿವಾರ ನೋಡೋಣ ಅಂತ. ಅಂಕವಿಲ್ಲ ಎಂದರೆ ಇವಳು ಕುದುರೆಯನ್ನು ಹಿಂಸೆ ಮಾಡಿದಳು ಅಂತ. ನೇವಾಳ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು. ಬೆಳಗಿನಿಂದ ಮನಸ್ಸಿನಲ್ಲಿ ಕುದಿಯುತ್ತಿದ್ದ ತೀರ್ಪು ಅಷ್ಟರಲ್ಲಿ ಬೆರಳಿಗೆ ಇಳಿದುಬಿಟ್ಟಿತ್ತು.

ಚೀಟಿ ಹೋಯಿತು, ಅಂಕವಿಲ್ಲ ಎಂದು ಧ್ವನಿವರ್ಧಕ ಕೂಗಿತು. ಓಲೀಟಾಳ ತಲೆ ಆ ಕಡೆಗೆ ಒಂದಿಷ್ಟು ತಿರುಗಿದ್ದು ನೇವಾಗೆ ಕಂಡಿತು. ಅಷ್ಟರಲ್ಲಿ ಮುಂದಿನ ಕುದುರೆ ಒಳಗೆ ಬಂದಿತ್ತು. ಅಖಾಡದಲ್ಲಿ ಮಗುವೊಂದಿದ್ದರೆ ಓಲೀಟಾ ಜಪ್ಪಯ್ಯ ಅಂದರೂ ಬೇರೆ ಕಡೆ ನೋಡುವವಳಲ್ಲ. ಬೇಲಿಯಾಚೆ ರಾಯ್ಸ್ ಮಗಳ ಕೈಯಿಂದ ಲಗಾಮು ಕಿತ್ತುಕೊಂಡ. ನೀನು ಬೀಳದಿರಲಿಕ್ಕೆ ಹಿಡಿದೆ ಅಂದುಕೊಂಡಿದ್ದೆ, ಎಳೆದು ನೋಯಿಸಿದ್ದು ಓಲೀಟಾಳ ಕಣ್ಣಿಗೆ ಬಿದ್ದಿದೆ ಎಂದು ಎಲ್ಲರೆದುರು ಅಂದ. ನಾಲ್ಕು ಕುದುರೆ ಆದಮೇಲೆ ಹಸಿರು ಅಂಗಿಯ ಇನ್ನೊಬ್ಬ ಹುಡುಗಿ, ದೂರದ ಊರಿನವಳು, ಅಖಾಡಕ್ಕೆ ಬಂದಳು. ಲಗಾಮು ಹಿಡಿದ ರೀತಿಯಲ್ಲೇ ನೇವಾಗೆ ಗೊತ್ತಾಯಿತು. ಬೆಳಿಗ್ಗೆ ಕಂಡವಳು ಇವಳು. ಅಷ್ಟು ಹೊತ್ತಿಗೆ ಟ್ಯಾಕೆಟ್‌ಗಳ ಗಾಡಿ ಹೆದ್ದಾರಿ ಸೇರಿತ್ತು.

ಸಂಜೆ ಹಾಳೆ ಮುಂದಿಟ್ಟಾಗ ಓಲೀಟಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಸಹಿ ಹಾಕಿದಳು. ತಪ್ಪು ಕಂಡಿದ್ದರೆ ಕೇಳುತ್ತಿರಲಿಲ್ಲವೇ ಎಂದು ನೇವಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ವಾರದೊಳಗೆ ರಾಯ್ಸ್ ಆ ಕುದುರೆ ಮಾರಿದ.

* * *

ಚರ್ಚಿನ ಊಟದ ಕೋಣೆಯಲ್ಲಿ ಹಂದಿಮಾಂಸದ ತಟ್ಟೆಗಳೂ ಹುರುಳಿಕಾಯಿಯ ಪಾತ್ರೆಗಳೂ ಸಾಲಾಗಿ ಕೂತಿದ್ದವು. ಹೆಂಗಸರು ಓಲೀಟಾಳ ಕಿವುಡಿನ ಕತೆ ಹೇಳಿ ನಗುತ್ತಿದ್ದರು. ಕೊನೆಯ ಹತ್ತೊಂಬತ್ತು ವರ್ಷ ಅವಳು ಪ್ರತಿ ಅಂಕವನ್ನೂ ನೇವಾಳ ಬಾಯಲ್ಲಿ ತಿರುಗಿ ಹೇಳಿಸಿದ ಮೇಲೇ ಬರೆಸುತ್ತಿದ್ದಳು. ಕಿವಿ ಮಂದವಾಯಿತು ಪಾಪ, ತಾನು ಹೇಳಿದ್ದು ತನಗೇ ಕೇಳುವುದಿಲ್ಲ ಎಂದು ನೇವಾಳೇ ಊರಿಗೆಲ್ಲ ಹೇಳಿದ್ದಳು. ಈಗಲೂ ಅವಳು ಎಲ್ಲರ ಜೊತೆ ನಕ್ಕಳು.

ಡೆಸ್ಸಾ ಒಳಗೆ ಬಂದಾಗ ನಗು ನಿಂತಿತು. ಮೂವತ್ತಮೂರರ ಗಟ್ಟಿ ಹೆಂಗಸು, ಕಪ್ಪು ಉಡುಪಿನ ತೋಳಿನಿಂದ ಹೊರಬಂದ ಕೈಗಳು ಗಂಡಸರ ಕೈಯಂತಿದ್ದವು. ಕುದುರೆಗಳ ಹಲ್ಲಿಗೆ ಅರ ಹಾಕಿ ಸಮ ಮಾಡುವುದು ಅವಳ ಕಸುಬು. ಆ ಸುತ್ತಿನಲ್ಲೆಲ್ಲ ಅವಳನ್ನು ಕರೆಸದ ಕೊಟ್ಟಿಗೆ ಒಂದೇ, ಅದು ಅವಳ ಅಪ್ಪನದು. ರಾಯ್ಸ್ ತೊಂಬತ್ತು ಮೈಲಿ ದೂರದಿಂದ ಬೇರೆಯವನನ್ನು ಕರೆಸುತ್ತಿದ್ದ.

"ಕುದುರೆ ಬಾಯಿ ಹರಿದವಳೇ ಈಗ ಬಾಯಿ ನೋಡಿ ಹೊಟ್ಟೆ ಹೊರೀತಾಳೆ," ಎಂದು ಒಬ್ಬಳು ಪಿಸುಗುಟ್ಟಿದ್ದು ಕೋಣೆಗೆಲ್ಲ ಕೇಳಿಸಿತು.

ಡೆಸ್ಸಾ ಕೇಳದವಳಂತೆ ಕಾಫಿ ಹಂಡೆಯ ಹತ್ತಿರ ಬಂದಳು. ನೇವಾ ಲೋಟ ತುಂಬಿಸಿ ಕೊಟ್ಟಳು. ಸುಮ್ಮನಿರಬಹುದಿತ್ತು. ಆದರೆ ಓಲೀಟಾಳ ಮೇಲೆ ನಿನಗೆ ಸಿಟ್ಟಿರಬೇಕು, ಆದರೂ ಬಂದೆಯಲ್ಲ ಎಂದುಬಿಟ್ಟಳು.

"ಸಿಟ್ಟು ಯಾಕೆ ಮಿಸ್ ನೇವಾ? ಆ ಸೋಮವಾರವೇ ಅವರು ನಮ್ಮ ಮನೆಗೆ ಬಂದಿದ್ರಲ್ಲ. ಶಾಲೆ ಅಡುಗೆಮನೆಯಿಂದ ನೆಟ್ಟಗೆ, ಏಪ್ರನ್ ಕೂಡ ಬಿಚ್ಚಿರಲಿಲ್ಲ. ನನ್ನ ನಾಲಗೆ ತಪ್ಪಿತು, ಸೊನ್ನೆ ಅನ್ನೋ ಕಡೆ ಅಂಕವಿಲ್ಲ ಅಂದುಬಿಟ್ಟೆ, ತಪ್ಪು ನಂದು ಅಂತ ಅಪ್ಪನ ಎದುರೇ ಹೇಳಿದ್ರು."

ನೇವಾ ಮತ್ತೊಂದು ಲೋಟಕ್ಕೆ ಕೈ ಚಾಚಿದವಳು ಅದನ್ನು ಅಲ್ಲೇ ಬಿಟ್ಟಳು.

ಡೆಸ್ಸಾ ಲೋಟ ನೋಡುತ್ತಾ ಉಳಿದದ್ದನ್ನು ಹೇಳಿದಳು. ದೂರು ಕೊಡುವ ಅವಧಿ ಮುಗಿದಿತ್ತು. ಬಹುಮಾನವೇನೂ ಬದಲಾಗುವುದಿಲ್ಲ ಎಂದು ಸಂಘದ ಕಚೇರಿಯವರು ಹಾಳೆ ತೆರೆಯಲೂ ಒಪ್ಪಲಿಲ್ಲ. ಓಲೀಟಾ ಪ್ರತಿ ಏಪ್ರಿಲ್‌ನಲ್ಲೂ ರಾಯ್ಸ್‌ನ ಬಾಗಿಲಿಗೆ ಹೋಗಿ ಅದೇ ಮಾತು ಹೇಳಿ ಬರುತ್ತಿದ್ದಳು, ಹೋದ ವರ್ಷ ಕೋಲೂರಿಕೊಂಡು ಕೂಡ.

"ಅಪ್ಪ ಪ್ರತಿ ಸಲ ನಕ್ಕು ಬಾಗಿಲು ಹಾಕೋನು. ನಿನ್ನ ನಾಲಗೆ ಎಂದಾದ್ರೂ ತಪ್ಪಿದೆಯಾ ಓಲೀಟಾ, ಕನಿಕರಕ್ಕೆ ಸುಳ್ಳು ಹೇಳ್ಬೇಡ ಅನ್ನೋನು. ಅವರು ಒಂದು ಸಲನಾದ್ರೂ ಬೇರೆ ಯಾರಿಗಾದ್ರೂ ತಪ್ಪು ತೀರ್ಪು ಕೊಟ್ಟಿದ್ದಿದ್ರೆ ನನ್ನ ಅಪ್ಪ ನನಗೆ ಉಳೀತಿದ್ನೋ ಏನೋ."

ಅವಳು ಲೋಟ ಇಟ್ಟು ಹೊರಟುಹೋದಳು. ನೇವಾ ಹಂಡೆ ಹಿಡಿದುಕೊಂಡು ನಿಂತಳು, ಅಂಗೈ ಸುಡುವುದೂ ತಿಳಿಯಲಿಲ್ಲ. ಹಾಗಾದರೆ ಓಲೀಟಾಗೆ ಗೊತ್ತಿತ್ತು. ಸಹಿ ಹಾಕುವಾಗಲೇ ಗೊತ್ತಿತ್ತು. ಕಿವಿ ಮಂದವಾಗಿರಲಿಲ್ಲ. ಮತ್ತೊಂದು ಮಗುವಿಗೆ ಹಾಗಾಗದಿರಲಿ ಎಂದು ತಿರುಗಿ ಹೇಳಿಸುತ್ತಿದ್ದಳು. ಬದುಕಿನಲ್ಲಿ ಆಡಿದ್ದು ಒಂದೇ ಸುಳ್ಳು, ಅದನ್ನೂ ನೇವಾಗೋಸ್ಕರ ಆಡಿದ್ದಳು. ಒಂದು ಸಲ ಬೈದಿದ್ದರೆ ಏನಾಗುತ್ತಿತ್ತು? ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಪಕ್ಕದಲ್ಲೇ ಕೂತು ಸೂರ್ಯಕಾಂತಿ ಬೀಜ ಹಂಚಿಕೊಂಡು ತಿಂದಳಲ್ಲ ಎಂದು ನೇವಾಗೆ ಸತ್ತವಳ ಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಾಚಿಕೆ ಬಂತು. ಅದು ಹೋಗಲಿಲ್ಲ.

* * *

ಸಮಾಧಿಯ ಹತ್ತಿರ ಗಾಳಿ ಡೇರೆಯ ಬಟ್ಟೆಯನ್ನು ಪಟಪಟ ಬಡಿಯುತ್ತಿತ್ತು. ಪೆಟ್ಟಿಗೆ ಇಳಿಸಿದ ಆರು ಜನ ಒಂದು ಕಡೆ ನಿಂತರು. ಕೊನೆಯವನು ರಾಯ್ಸ್, ನೆಟ್ಟಗೆ ಬೇಲಿಗೂಟದ ಹಾಗೆ. ಡೆಸ್ಸಾ ಗುಂಡಿಯ ಆಚೆ ಬದಿಯಲ್ಲಿದ್ದಳು. ಇಬ್ಬರೂ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಜನ ಅವರಿಬ್ಬರನ್ನು ನೋಡುತ್ತಿದ್ದರು.

ಪಾದ್ರಿ ನೇವಾಳ ಹೆಸರು ಕರೆದ. ಅವಳ ಕೈಯಲ್ಲಿ ಚೆಂದದ ಮಾತುಗಳ ಕಾಗದವಿತ್ತು. ಬಿಡಿಸಿದಳು, ನೋಡಿದಳು, ಮಡಿಸಿ ಚೀಲಕ್ಕೆ ಹಾಕಿದಳು. ಇಲ್ಲಿ ಬಾಯಿ ತೆರೆದರೆ ಇಪ್ಪತ್ತಾರು ವರ್ಷದ ಹೆಸರು ಮಣ್ಣುಪಾಲು, ಈ ಊರಿನಲ್ಲಿ ಇನ್ಯಾರೂ ಅವಳ ಕೈಗೆ ಹಲಗೆ ಕೊಡುವುದಿಲ್ಲ. ತೆರೆಯದಿದ್ದರೆ ಓಲೀಟಾ ಹೋದಮೇಲೆ ಆ ಬಾಗಿಲು ತಟ್ಟುವವರು ಯಾರೂ ಉಳಿಯುವುದಿಲ್ಲ.

"ರಾಯ್ಸ್," ಎಂದಳು. "ನಿನ್ನ ಮಗಳಿಗೆ ಆವತ್ತು ಓಲೀಟಾ ಕೊಟ್ಟಿದ್ದು ಸೊನ್ನೆ. ಅಂಕವಿಲ್ಲ ಅಂತ ಬರೆದಿದ್ದು ನಾನು."

ಡ್ವೇನ್ ತಲೆ ಎತ್ತಿದ. ಹೆಂಗಸರ ಸಾಲಿನಲ್ಲಿ ಯಾರೋ ಕೆಮ್ಮಿದರು.

"ಇದನ್ನೂ ಓಲೀಟಾಳೇ ಹೇಳಿಕೊಟ್ಟು ಹೋದ್ಲಾ?" ರಾಯ್ಸ್‌ನ ದನಿ ತಣ್ಣಗಿತ್ತು. "ಸತ್ತ ಮೇಲೂ ಕನಿಕರನಾ?"

"ಅವಳು ನಿನ್ನ ಬಾಗಿಲಲ್ಲಿ ಹೇಳಿದ್ದು ಸುಳ್ಳೇ. ನೀನು ಹಿಡಿದದ್ದು ಸರಿ. ಅವಳ ನಾಲಗೆ ತಪ್ಪಿರಲಿಲ್ಲ, ನನ್ನ ಕೈ ತಪ್ಪಿತ್ತು. ಬೆಳಿಗ್ಗೆ ಬೇರೆ ಯಾವುದೋ ಹುಡುಗಿ ಕುದುರೆ ಬಾಯಿ ಜಗ್ಗೋದನ್ನ ನೋಡಿ, ನಿನ್ನ ಮಗಳೇ ಅಂದುಕೊಂಡೆ. ತೀರ್ಪು ಕೊಡೋಕೆ ನನಗೇನು ಅಧಿಕಾರ ಇತ್ತು? ಆದ್ರೂ ಕೊಟ್ಟೆ. ಆವತ್ತೇ ಗೊತ್ತಾಯ್ತು. ಬಾಯಿ ಮುಚ್ಚಿಕೊಂಡಿದ್ದೆ."

ರಾಯ್ಸ್ ಸಾಲು ಬಿಟ್ಟು ಅವಳ ಎದುರಿಗೆ ಬಂದು ನಿಂತ. ಹೊಡೆದುಬಿಡುತ್ತಾನೇನೋ ಎಂದು ಡ್ವೇನ್ ಒಂದು ಹೆಜ್ಜೆ ಮುಂದೆ ಬಂದ.

"ಓಲೀಟಾ ಏನಂದ್ಲು, ಅವಳ ಬಾಯಲ್ಲಿ ಬಂದ ಹಾಗೇ ಹೇಳು."

"ಸೊನ್ನೆ. ಎರಡು ಕೈ."

"ಎರಡು ಕೈ," ಎಂದು ರಾಯ್ಸ್ ತನಗೆ ತಾನೇ ಹೇಳಿಕೊಂಡ. ಆಮೇಲೆ ಮೊದಲ ಸಲ ಗುಂಡಿಯ ಆಚೆಗೆ ನೋಡಿದ. ಡೆಸ್ಸಾ ಮುಖ ತಿರುಗಿಸಿಕೊಂಡಿದ್ದಳು. ಅವಳ ಭುಜ ಅಲುಗುತ್ತಿತ್ತು. ಪಾದ್ರಿ ಅವಸರ ಅವಸರವಾಗಿ ಪ್ರಾರ್ಥನೆ ಮುಗಿಸಿದ.

ಜನ ಚದುರಿದರು. ನೇವಾಳ ಪಕ್ಕ ಯಾರೂ ನಡೆಯಲಿಲ್ಲ. ಡ್ವೇನ್ ಹತ್ತಿರ ಬಂದವನು ಜೇಬಿನಲ್ಲಿದ್ದ ಸಂಘದವರ ಕಾಗದವನ್ನು ಮುಟ್ಟಿ ನೋಡಿಕೊಂಡು ಹೋದ. ಅವಳಿಗೆ ಅದು ಅನ್ಯಾಯ ಅನಿಸಲಿಲ್ಲ. ದುಃಖ ಮಾತ್ರ ಆಯಿತು. ಓಲೀಟಾ ಇದ್ದಿದ್ದರೆ ಸಂಜೆ ಕರೆ ಮಾಡುತ್ತಿದ್ದಳು.

ಗೇಟಿನ ಹತ್ತಿರ ಡೆಸ್ಸಾ ತನ್ನ ಗಾಡಿಯ ಚಾಲಕನ ಸೀಟಿನಲ್ಲಿ ಕೂತಿದ್ದಳು. ಹೊರಟಿರಲಿಲ್ಲ. ರಾಯ್ಸ್ ಟೋಪಿ ಕೈಯಲ್ಲಿ ಹಿಡಿದು ಆಚೆ ಬದಿಯ ಕಿಟಕಿಯ ಪಕ್ಕ ನಿಂತಿದ್ದ. ಗಾಳಿಗೆ ಬಿಳಿ ಕೂದಲು ಎದ್ದು ನಿಂತಿತ್ತು.

"ಹಲ್ಲು ನೋವೋ ಏನೋ, ನನ್ನ ಹೆಣ್ಣುಕುದುರೆ ಅಗಿಯೋಕಾಗದೆ ಮೇವು ಉಗುಳ್ತಿದೆ," ಎಂದ.

ಡೆಸ್ಸಾ ಕೀಲಿಯಿಂದ ಕೈ ತೆಗೆದಳು.

"ಯಾವಾಗಿಂದ?"

"ಚಳಿಗಾಲದಿಂದ."

"ಅಷ್ಟು ದಿನ ಹಾಗೇ ಬಿಟ್ಟೆಯಾ, ಅಪ್ಪಾ?"

ಡೆಸ್ಸಾ ಪಕ್ಕದ ಸೀಟಿನ ಮೇಲಿದ್ದ ಅರಗಳ ಬಕೆಟ್ಟನ್ನು ಕೆಳಗಿಟ್ಟು, ಬಾಗಿ ಬಾಗಿಲು ತೆರೆದಳು. ಅವನು ಹತ್ತಿ, ಬಕೆಟ್ಟನ್ನು ಎರಡು ಮೊಣಕಾಲ ನಡುವೆ ಇಟ್ಟುಕೊಂಡು ಕೂತ. ಗಾಡಿ ಕೆಂಪು ಧೂಳೆಬ್ಬಿಸಿ ರಸ್ತೆಗೆ ತಿರುಗಿತು. ಸ್ಮಶಾನದ ಬೇಲಿಯ ಪಕ್ಕ ರಾಯ್ಸ್‌ನ ಸ್ವಂತ ಗಾಡಿ ಹಾಗೇ ನಿಂತಿತ್ತು. ಅದರ ಬಾಗಿಲನ್ನೂ ಅವನು ಹಾಕಿರಲಿಲ್ಲ.