ಐದನೆಯ ಉಂಡೆ

"ಹುಳ ಬಿದ್ದಾವ ನೋಡ್ರಿ," ಎಂದು ಸುಂಕಮ್ಮ ಮೊರವನ್ನು ಬಾಗಿಲ ಬೆಳಕಿಗೆ ಹಿಡಿದಳು.

ಹೊಸ್ತಿಲ ಮೇಲೆ ಬಾತ ಮೊಣಕಾಲು ಚಾಚಿಕೊಂಡು ಕುಳಿತಿದ್ದ ಗಂಡ ಜಡೆಪ್ಪ ಬಗ್ಗಿ ನೋಡಿದ. ಬಿಳಿ ಚೂರುಗಳ ನಡುವೆ ಸಾಸಿವೆಗಿಂತ ಸಣ್ಣ ಕರಿ ಕಾಳುಗಳು ಅಲ್ಲಲ್ಲಿ ಅಂಟಿಕೊಂಡಿದ್ದವು.

"ಹುಳ ಆದ್ರ ಓಡಾಡಬೇಕಲ್ಲಲೇ. ಇವು ಕುಂತಲ್ಲೇ ಕುಂತಾವ, ನನ್ನಂಗ."

"ಸತ್ತಿರಬೇಕು."

"ಸತ್ತ ಹುಳಕ್ಕ ಕಾಲಿರ್ತಾವ. ಇವು ಯಾವ್ದೋ ಬೀಜ. ಆ ಮಂದಿ ಏನೇನು ತಿಂತಾರೋ ಯಾರಿಗೆ ಗೊತ್ತು."

ಸುಂಕಮ್ಮ ನಂಬಲಿಲ್ಲ. ನಾಳೆ ಬೀಗರ ಮನೆಗೆ ಹೋಗುವ ಪದಾರ್ಥ. ಬೀಜವೋ ಹುಳವೋ, ಇರದಿದ್ದರೇ ಕ್ಷೇಮ. ಮೊರ ಕೊಡವಿ ಕೊಡವಿ ಕರಿಯವನ್ನೆಲ್ಲ ತೆಗೆದಳು. ಆಮೇಲೆ ಕೆಂಪಗೆ ಸುಕ್ಕುಗಟ್ಟಿದ ಹಣ್ಣಿನ ಚೂರುಗಳು ಕಂಡವು. ದ್ರಾಕ್ಷಿಯೇ ಕೆಟ್ಟು ಹೀಗಾಗಿದೆ ಎಂದುಕೊಂಡು ಅವನ್ನೂ ಆರಿಸಿ ಅಂಗಳದ ಕೋಳಿಗೆ ಎಸೆದಳು. ಕೋಳಿ ಒಂದು ಕುಕ್ಕಿ ತಲೆ ಕೊಡವಿ ಆಚೆ ಹೋಯಿತು.

ಮೊರದಲ್ಲಿದ್ದದ್ದು ಓಟ್ಸು. ಕೊಂಡು ತಂದದ್ದಲ್ಲ. ಕಮಲಾಪುರದಿಂದ ಹಂಪಿಗೆ ಹೋಗುವ ದಾರಿಯ ಒಂದು ಗೆಸ್ಟ್‌ಹೌಸಿನಲ್ಲಿ ಸುಂಕಮ್ಮ ರೂಮು ತೊಳೆಯುತ್ತಾಳೆ. ಚಳಿಗಾಲದಲ್ಲಿ ಪರದೇಶದವರು ಬಂದು ವಾರಗಟ್ಟಲೆ ಇರುತ್ತಾರೆ. ಬೆಳಿಗ್ಗೆ ರೂಮಿನಲ್ಲೇ ನೀರು ಕಾಯಿಸಿ ಈ ಓಟ್ಸನ್ನು ನೆನೆಸಿ ತಿನ್ನುತ್ತಾರೆ. ಹೊರಡುವಾಗ ಉಳಿದ ಪ್ಯಾಕೆಟ್ಟಿನ ಬಾಯಿಗೆ ಕ್ಲಿಪ್ಪು ಹಾಕಿ ಮೇಜಿನ ಮೇಲೆ ಬಿಟ್ಟು ಹೋಗುತ್ತಾರೆ. ಮಾಲೀಕ ಮಲ್ಲಿಕಾರ್ಜುನ್ ಮೊದಲ ದಿನವೇ ಕಾಯಿದೆ ಮಾಡಿದ್ದ: "ಫೋನು, ಚಾರ್ಜರು, ಪುಸ್ತಕ ಸಿಕ್ರ ಆಫೀಸಿಗೆ. ತಿನ್ನೋದು ನಿಂದು." ಹೀಗೆ ನಾಲ್ಕು ತಿಂಗಳಲ್ಲಿ ಹಳೆಯ ಎಣ್ಣೆ ಡಬ್ಬಿಯೊಂದು ಕಂಠದವರೆಗೆ ತುಂಬಿತ್ತು.

ಬಿಸಿಲು ಏರಿದಂತೆ ರೂಮುಗಳು ಖಾಲಿಯಾಗುತ್ತವೆ, ಸಂಬಳ ಅರ್ಧಕ್ಕೆ ಇಳಿಯುತ್ತದೆ. ಬಾಳೆತೋಟದ ಕಾವಲಿಗೆ ಹೋಗುತ್ತಿದ್ದ ಜಡೆಪ್ಪನನ್ನು ಈ ವರ್ಷ ಮೊಣಕಾಲು ಮನೆಯಲ್ಲೇ ಕೂರಿಸಿತ್ತು. ಯುಗಾದಿ ಕಳೆದದ್ದೇ ಸುಂಕಮ್ಮ ಡಬ್ಬಿಗೆ ಕೈ ಹಾಕಿದಳು. ಜೋಳದ ಹಿಟ್ಟಿಗೆ ಒಂದು ಹಿಡಿ ಪುಡಿ ಸೇರಿಸಿದರೆ ಎರಡು ರೊಟ್ಟಿ ಹೆಚ್ಚು. ಸಂಜೆಗೆ ಮಜ್ಜಿಗೆ, ಉಪ್ಪು, ಉಳ್ಳಾಗಡ್ಡಿ ಹಾಕಿದರೆ ಅಂಬಲಿ. ಜಡೆಪ್ಪ ಅದಕ್ಕೆ ಫಾರಿನ್ ನುಚ್ಚು ಎಂದು ಹೆಸರಿಟ್ಟು ಬೈದುಕೊಂಡೇ ಎರಡು ಬಟ್ಟಲು ಕುಡಿಯುತ್ತಿದ್ದ. ಒಂದು ದಿನ ಸುಂಕಮ್ಮ ಮಂಡಕ್ಕಿಯ ವಗ್ಗಾಣಿಯಂತೆ ಮಾಡಲು ಹೋಗಿ, ಮಂಡಾಳು ನೆನೆಸಿ ಹಿಂಡಿದ ಹಾಗೆಯೇ ಓಟ್ಸನ್ನೂ ನೀರಿಗೆ ಹಾಕಿ ಹಿಂಡಿದಳು. ಕೈಯಲ್ಲಿ ಗೋಡೆಗೆ ಪೋಸ್ಟರು ಅಂಟಿಸುವಂಥ ಮುದ್ದೆ ಬಂತು. ಗಂಡ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ಆವತ್ತು ಅವಳಿಗೆ ಒಂದು ಗೊತ್ತಾಯಿತು. ಇದನ್ನು ಹುರಿದು ಬೆಲ್ಲ ಕಲಸಿದರೆ ಉಂಡೆ ಕಟ್ಟಲು ಕೈ ನೋಯುವುದಿಲ್ಲ.

ಆ ತಿಳಿವಳಿಕೆ ಈಗ ಉಪಯೋಗಕ್ಕೆ ಬಂದಿತ್ತು. ಕಂಪ್ಲಿ ಹತ್ತಿರದ ಮೆಟ್ರಿಗೆ ಕೊಟ್ಟ ಮಗಳು ತ್ರಿವೇಣಿಗೆ ಏಳು ತಿಂಗಳು, ನಾಳೆ ಸೀಮಂತ, ಕುಬುಸದ ಶಾಸ್ತ್ರ. ಹಸಿರು ಸೀರೆ, ಕುಬುಸ, ಬಳೆಗಳ ಜೊತೆಗೆ ತವರಿನಿಂದ ಐದು ಬಗೆಯ ಉಂಡೆಯ ಬುತ್ತಿ ಹೋಗಬೇಕು. ಶೇಂಗಾ, ಎಳ್ಳು, ಪುಟಾಣಿ, ಮಂಡಾಳು, ನಾಲ್ಕಕ್ಕೆ ಹೇಗೋ ಹೊಂದಿಸಿದ್ದಳು. ಐದನೆಯದು ರವೆ ಉಂಡೆ ಎಂದರೆ ತುಪ್ಪ, ಗೋಡಂಬಿ ಆಗಬೇಕು. ಅದಕ್ಕೆ ಕೈಯಲ್ಲಿ ಏನೂ ಉಳಿದಿರಲಿಲ್ಲ. ಬೆಲ್ಲವೂ ತಳ ಕಂಡಿತ್ತು. ಕಲಸುವಾಗ ಕೈ ಬಿಗಿ ಹಿಡಿದು ಹಾಕಿದಳು.

ಮಗಳು ಸಂಜೆ ಫೋನು ಮಾಡಿದಳು. "ಅವ್ವಾ, ಐದೂ ಬಗಿ ಇರ್ಲಿ. ಇಲ್ಲಿ ಎಲ್ಲಾರ ಮುಂದ ಬುತ್ತಿ ಬಿಚ್ತಾರ." ಸ್ವಲ್ಪ ತಡೆದು ದನಿ ತಗ್ಗಿಸಿದಳು. "ಮತ್ತ... ನೀನು ಹೋಟೆಲಿನಾಗ ಅಡಿಗಿ ಉಸ್ತುವಾರಿ ನೋಡ್ಕೊಂತಿ ಅಂತ ಹೇಳೀನಿ. ಯಾರಾದ್ರೂ ಕೇಳಿದ್ರ ಹೂಂ ಅನ್ನು. ಬಚ್ಚಲು ಗಿಚ್ಚಲು ಅಂತೆಲ್ಲಾ ಹೇಳಾಕ ಹೋಗಬ್ಯಾಡ."

"ಹೂಂ," ಎಂದಳು ಸುಂಕಮ್ಮ. ಫೋನಿಟ್ಟ ಮೇಲೆ ತನ್ನ ಅಂಗೈ ನೋಡಿಕೊಂಡಳು. ಬಚ್ಚಲು ತೊಳೆಯುವ ನೀರಿಗೆ ಬೆರಳ ಸಂದುಗಳೆಲ್ಲ ಸೀಳಿದ್ದವು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿದಳು. ಬೇಸರವಾಯಿತು, ಇಲ್ಲವೆಂದರೆ ಸುಳ್ಳು. ಆದರೆ ಅತ್ತೆಯ ಮನೆಯಲ್ಲಿ ತಲೆ ಎತ್ತಿ ಓಡಾಡಬೇಕಾದವಳು ಮಗಳು, ತಾನಲ್ಲ.

ಮಾರನೆಯ ದಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೇಟು ಪಡೆದು ಕಂಪ್ಲಿಗೆ, ಅಲ್ಲಿಂದ ಆಟೊದಲ್ಲಿ ಮೆಟ್ರಿಗೆ ಬಂದಳು. ಕಾಲುನೋವಿನ ಜಡೆಪ್ಪ ಬರಲಿಲ್ಲ. ಅಳಿಯ ಹಾಲೇಶ್ ತೋರಣಗಲ್ಲಿನ ಕಾರ್ಖಾನೆಯ ಶಿಫ್ಟಿಗೆ ಹೋಗಿದ್ದ. ಹೆಂಗಸರ ಶಾಸ್ತ್ರಕ್ಕೆ ಅವನಿಂದ ಆಗಬೇಕಾದದ್ದೂ ಏನಿರಲಿಲ್ಲ.

"ಬರ್ರಿ ಬೀಗರ, ಕುಂದ್ರಿ," ಎಂದು ತ್ರಿವೇಣಿಯ ಅತ್ತೆ ಮುದುಕಮ್ಮ ನೀರಿನ ಚೊಂಬು ಮುಂದೆ ಇಟ್ಟಳು. ಹೆಸರು ಮುದುಕಮ್ಮನಾದರೂ ಬೆನ್ನು ನೆಟ್ಟಗಿರುವ ಹೆಂಗಸು. ಮಾತು ಕಡಿಮೆ, ಕಣ್ಣು ಎಲ್ಲ ಕಡೆ. ಸುಂಕಮ್ಮ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ನೀರು ಕುಡಿದು, ಆಮೇಲೆ ಬಲಗೈಯನ್ನೂ ಅದರೊಳಗೆ ಎಳೆದುಕೊಂಡಳು.

ಓಣಿಯ ಹೆಂಗಸರು ಬರುವ ಮೊದಲು ಒಂದೊಂದು ಬಗೆಯನ್ನು ದೇವರಿಗೆ ಎತ್ತಿಡಬೇಕೆಂದು ಬುಟ್ಟಿ ಅಡಿಗೆಮನೆಗೆ ಹೋಯಿತು. ಹಿರಿ ಸೊಸೆ ಗಂಗಾ ಬಿಚ್ಚಿದಳು. ದೇವರ ಮುಂದೆ ಇಟ್ಟು ತೆಗೆದ ಮೇಲೆ ಮನೆಯ ಹಿರಿಯಳು ಬಾಯಿಗೆ ಹಾಕಿಕೊಳ್ಳುವುದು ಅಲ್ಲಿನ ಪದ್ಧತಿ. ಮುದುಕಮ್ಮನಿಗೆ ಸಕ್ಕರೆ ಕಾಯಿಲೆ; ನಾಲ್ಕು ಬಗೆಯನ್ನು ಉಗುರಲ್ಲಿ ಚಿವುಟಿ ನಾಲಿಗೆಗೆ ಮುಟ್ಟಿಸಿದಳು. ಐದನೆಯದನ್ನು ಚಿವುಟಿದವಳು ಮತ್ತೊಂದು ತುಂಡು ಮುರಿದುಕೊಂಡಳು.

"ಇದು ಸಿಹಿ ಹದಕ್ಕೈತಿ. ಯಾವುದ್ರಿ ಇದು?"

ಸುಂಕಮ್ಮ ಬಾಯಿ ಬಿಡುವಷ್ಟರಲ್ಲಿ ಗಂಗಾ ಉಂಡೆಯನ್ನು ಮೂಸಿ ನೋಡಿ, "ಅತ್ತಿ, ಇದು ಓಟ್ಸು! ಮೊಬೈಲಿನಾಗ ಬರೇ ಇದನ್ನ ತೋರಿಸ್ತಾರ. ಭಾಳ ತುಟ್ಟಿ ಇದು. ಎಲ್ಲಿ ತಂದ್ರಿ?" ಎಂದಳು.

"ನಮ್ಮವ್ವ ಹೊಸಪೇಟಿ ದೊಡ್ಡ ಅಂಗಡ್ಯಾಗ ತಂದಾಳ," ಎಂದಳು ತ್ರಿವೇಣಿ, ತಾಯಿಯ ಕಡೆ ನೋಡದೆ.

ಅಲ್ಲಿಗೆ ಮುಗಿದಿದ್ದರೆ ಎಲ್ಲ ಚೆಂದವಿತ್ತು. ಆದರೆ ಮುದುಕಮ್ಮ ಸೊಂಟದ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ ಮಡಚಿದ ಐನೂರರ ನೋಟು ತೆಗೆದಳು. "ಕಂಪ್ಲಿ ಡಾಕ್ಟರು ನನಗೂ ಇದನ್ನ ತಿನ್ನು ಅಂತ ಆರು ತಿಂಗಳಿಂದ ಹೇಳ್ತಾನ. ಈ ಹುಡುಗರಿಗೆ ಹೇಳಿದ್ರ ಇವತ್ತು ನಾಳೆ ಅಂತಾರ. ನೀವು ಬರುವಾಗ ತರ್ರಿ, ಬೀಗರ. ರೊಕ್ಕ ಮೊದಲ ಹಿಡ್ಕಳ್ರಿ."

ನೋಟು ಸುಂಕಮ್ಮನ ಮುಂದೆ ಬಂದು ನಿಂತಿತು. ತಗೊಂಡರೆ ಕಳ್ಳತನ. ಬೇಡವೆಂದರೆ ಬೀಗಿತ್ತಿಗೆ ಅವಮಾನ. ಅಂಗಡಿಯಿಂದಲೇ ಕೊಂಡು ಕೊಡೋಣವೆಂದರೆ ತಿಂಗಳ ಜೋಳಕ್ಕೇ ಗತಿಯಿಲ್ಲ. ತ್ರಿವೇಣಿ ಹೇಳಬೇಡ ಎಂಬಂತೆ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು. ದಿನಾ ಔಷಧವೆಂದು ತಿನ್ನುವವಳಿಗೆ ಸುಳ್ಳು ಹೇಳಲು ಮಾತ್ರ ಸುಂಕಮ್ಮನ ನಾಲಿಗೆ ಏಳಲಿಲ್ಲ.

"ರೊಕ್ಕ ಬ್ಯಾಡ್ರಿ, ಅಕ್ಕಾರ. ಇದು ಕೊಂಡಿದ್ದಲ್ಲ. ನಾನು ರೂಮು ತೊಳಿತೀನಿ, ಹಂಪಿ ಕಡಿಗೆ. ಬಂದ ಮಂದಿ ಉಳಿದಿದ್ದು ಬಿಟ್ಟು ಹೋಗ್ತಾರ. ಅದನ್ನ ತಂದು ಹುರಿದು ಮಾಡೀನಿ. ಅವರು ಬಾಯಿ ಹಚ್ಚಿದ್ದಲ್ರಿ, ಹಸೀದು." ಒಮ್ಮೆ ಉಸಿರೆಳೆದುಕೊಂಡು, "ಅಡಿಗಿ ಉಸ್ತುವಾರಿ ಏನಿಲ್ರಿ ನಂದು," ಎಂದಳು.

ಗಂಗಾ ಕೈಯಲ್ಲಿದ್ದ ಉಂಡೆಯನ್ನು ಮೆಲ್ಲಗೆ ತಟ್ಟೆಗೆ ಇಳಿಸಿದಳು. ತ್ರಿವೇಣಿಯ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. ಮುದುಕಮ್ಮ ನೋಟನ್ನು ಮೊದಲಿನಂತೆಯೇ ಮಡಚಿ ಚೀಲಕ್ಕೆ ತುರುಕಿದಳು.

"ಪ್ಯಾಕೆಟ್ಟು ಬಿಚ್ಚಿಟ್ಟು ಹೋಗ್ತಾರೋ, ಕಟ್ಟಿಟ್ಟೋ?"

"ಕ್ಲಿಪ್ಪು ಹಾಕಿರ್ತಾರ್ರಿ."

"ಹೂಂ," ಎಂದಳು ಮುದುಕಮ್ಮ. ಅದು ಯಾವ ಹೂಂ ಎಂದು ಯಾರಿಗೂ ತಿಳಿಯಲಿಲ್ಲ. ಹೊರಗೆ ಹೆಂಗಸರ ಮಾತು ಕೇಳಿಸಿತು, ಎದ್ದು ಹೋದಳು. ಗಂಗಾ ತಟ್ಟೆ ಎತ್ತಿಕೊಂಡು ಹಿಂದೆಯೇ ನಡೆದಳು.

"ಯಾಕವ್ವಾ ಹೇಳ್ದಿ?" ತ್ರಿವೇಣಿ ಕೇಳಿದಳು. "ಎರಡು ವರ್ಷದಿಂದ ಒಂದು ಮಾತು ಕಾಪಾಡ್ಕೊಂಡು ಬಂದೀನಿ. ಇನ್ನ ದಿನಾ ಗಂಗಕ್ಕನ ಬಾಯಾಗ ನಾನೇ."

"ಬಿಟ್ಟಿ ಬಂದಿದ್ದಕ್ಕ ರೊಕ್ಕ ಹೆಂಗ ತಗೊಳ್ಳಲವ್ವಾ?"

ತ್ರಿವೇಣಿ ಕಣ್ಣೊರೆಸಿಕೊಂಡು ಹೊರಗೆ ಹೋಗಿ ಮಣೆಯ ಮೇಲೆ ಕುಳಿತಳು.

ಹಸಿರು ಸೀರೆ ಉಡಿಸಿದರು, ಬಳೆ ತೊಡಿಸಿದರು, ಉಡಿ ತುಂಬಿದರು. ಆರತಿಗೆ ತಾಯಿಯನ್ನು ಕರೆದಾಗ ಸುಂಕಮ್ಮ ತಟ್ಟೆಯನ್ನು ಸೆರಗಿನ ಮೇಲಿಂದಲೇ ಹಿಡಿದಳು. ಬಿಸಿಯಾಗುತ್ತದೆಂದು ಹಾಗೆ ಹಿಡಿದಿರಬಹುದೆಂದು ಉಳಿದವರು ತಿಳಿದರು. ತ್ರಿವೇಣಿ ಮಾತ್ರ ತಟ್ಟೆ ಇಳಿಯುವವರೆಗೂ ಆ ಸೆರಗನ್ನೇ ನೋಡುತ್ತಿದ್ದಳು.

ಆಮೇಲೆ ಬುತ್ತಿ. ಗಂಗಾ ಒಂದೊಂದಾಗಿ ಎತ್ತಿ ತೋರಿಸುತ್ತ ಹೋದಳು. "ಶೇಂಗಾ ಉಂಡಿ. ಎಳ್ಳುಂಡಿ. ಪುಟಾಣಿ ಉಂಡಿ. ಮಂಡಾಳು ಉಂಡಿ." ಐದನೆಯದರ ಹತ್ತಿರ ನಿಂತಳು. ನಿಂತು ತ್ರಿವೇಣಿಯನ್ನು ನೋಡಿದಳು.

"ಅದ್ಯಾವ ಉಂಡಿಲೇ?" ಎಂದಳು ಪಕ್ಕದ ಮನೆಯ ವಿರುಪಮ್ಮ. "ಬಣ್ಣಾನೇ ಬ್ಯಾರೆ ಐತಿ."

ಅಡಿಗೆಮನೆಯಲ್ಲಿ ನಿಜ ನುಡಿದಿದ್ದ ಸುಂಕಮ್ಮನೇ ಈಗ ಮುಂದೆ ಬಂದಳು. ಅಷ್ಟು ಜನರ ನಡುವೆ, ಹಸಿರು ಸೀರೆಯಲ್ಲಿ ತಲೆ ತಗ್ಗಿಸಿ ಕುಳಿತ ಮಗಳನ್ನು ನೋಡಲಾಗಲಿಲ್ಲ ಅವಳಿಗೆ. ಎರಡೂ ಕೈ ಸೆರಗಿನೊಳಗೆ ಸೇರಿದವು. "ಅದು ರವಾ—"

"ಓಟ್ಸಿನ ಉಂಡಿ," ಎಂದಳು ತ್ರಿವೇಣಿ. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿತು. "ನಮ್ಮವ್ವ ಹಂಪಿ ಕಡಿಗೆ ಗೆಸ್ಟ್‌ಹೌಸಿನಾಗ ರೂಮು, ಬಚ್ಚಲು ತೊಳಿತಾಳ. ಅಲ್ಲಿ ಬಂದ ಮಂದಿ ಬಿಟ್ಟು ಹೋದ ಕಾಳಿಂದ ಮಾಡ್ಕೊಂಡು ಬಂದಾಳ." ನಂತರ, ತಾಯಿಯ ಕಡೆ ತಿರುಗಿ, "ಕೈ ತೆಗಿಯವ್ವಾ ಹೊರಗ. ಸೆಕಿ ಎಷ್ಟೈತಿ," ಎಂದಳು.

ವಿರುಪಮ್ಮ ಉಂಡೆಗೆಂದು ಚಾಚಿದ್ದ ಕೈಯನ್ನು ಮುಂದಕ್ಕೂ ತರದೆ ಹಿಂದಕ್ಕೂ ಎಳೆಯದೆ ಕುಳಿತಳು. "ಬಿಟ್ಟು ಹೋದದ್ದು ಅಂದ್ರ ಎಂಜಲಾ ಮತ್ತ?"

"ಹಸಿ ಕಾಳಿಗೆ ಎಂಜಲು ಎಲ್ಲಿಂದ ಬಂತಲೇ ವಿರುಪಿ?" ಮುದುಕಮ್ಮ ಗೋಡೆಗೆ ಒರಗಿದ್ದವಳು ನೆಟ್ಟಗಾದಳು. "ನೀನು ನಾನು ಕೂಡಿ ಮಂದಿ ಗದ್ದ್ಯಾಗ ಬಿದ್ದ ತೆನಿ ಆರಿಸಿ ತಂದು ಕುಟ್ಟಿ ಉಂಡಿಲ್ಲೇನು? ಆವಾಗ ಗದ್ದಿ ಅವರದು, ತೆನಿ ನಮ್ಮದು. ಕೊಡು ಇಲ್ಲಿ ಗಂಗಾ."

ಸಿಹಿ ತಿನ್ನಬಾರದವಳು ತಟ್ಟೆಗೆ ಕೈ ಹಾಕಿ ಇಡೀ ಉಂಡೆಯನ್ನೇ ತೆಗೆದುಕೊಂಡಳು. ಎರಡಾಗಿ ಮುರಿದಳು. ನಡುವೆ ಕೆಂಪಗೆ ಏನೋ ಹೊಳೆಯಿತು. ಸುಂಕಮ್ಮ ಬಗ್ಗಿ ನೋಡಿದಳು. ಅಷ್ಟು ಆರಿಸಿಯೂ ಆ ಕೆಂಪು ಹಣ್ಣಿನ ಚೂರೊಂದು ಉಳಿದಿತ್ತು.

ಮುದುಕಮ್ಮ ಅದನ್ನು ಉಗುರಿನಿಂದ ಎಬ್ಬಿಸಿ, ತುದಿ ಕಚ್ಚಿ ನೋಡಿದಳು. ಒಂದು ಕಣ್ಣು ತಾನಾಗಿ ಮುಚ್ಚಿತು.

"ಹುಳಿ ಐತಿ! ಇಂಥಾದ್ದನ್ನ ಬಸುರಿಗೆ ಕೊಡೋದು ಬಿಟ್ಟು ನನಗ ಕೊಡ್ತೀರಲ್ರಿ, ಬೀಗರ," ಎಂದು ಉಳಿದದ್ದನ್ನು ಸೊಸೆಯ ಬಾಯಿಗೆ ಇಟ್ಟಳು.

ತ್ರಿವೇಣಿ ಅಗಿದಳು. ಎಳೆ ಹುಣಸೆಕಾಯಿ ಕದ್ದು ತಿನ್ನುತ್ತಿದ್ದ ದಿನಗಳಲ್ಲಿ ಮಾಡುತ್ತಿದ್ದಂತೆ ಭುಜ ಕುಗ್ಗಿಸಿ, ಮೂಗು ಮೇಲೆಳೆದು, ಕಣ್ಣು ಬಿಗಿಯಾಗಿ ಮುಚ್ಚಿದಳು. ಹೆಂಗಸರು ನಕ್ಕರು. ವಿರುಪಮ್ಮನೂ ನಕ್ಕು ಒಂದು ಉಂಡೆ ಎತ್ತಿಕೊಂಡಳು.

"ಅವ್ವಾ, ಇನ್ನ ಅದಾವೇನು?" ಎಂದಳು ತ್ರಿವೇಣಿ.

ಕೋಳಿಗೆ ಎಸೆದ ಹಿಡಿ ಹಣ್ಣು ಸುಂಕಮ್ಮನ ಕಣ್ಣ ಮುಂದೆ ಬಂತು. ಅವಳು ಸೆರಗಿನಿಂದ ಕೈ ತೆಗೆದು, ಮಗಳ ಪಕ್ಕದಲ್ಲಿ ಕುಳಿತು, ತಟ್ಟೆಯಿಂದ ಒಂದು ಉಂಡೆ ಎತ್ತಿ ಮುರಿದು ನೋಡಿದಳು. ಅದರಲ್ಲಿ ಇರಲಿಲ್ಲ. ಇನ್ನೊಂದನ್ನು ಎತ್ತಿಕೊಂಡಳು.