ಎಡಗಾಲಿನ ಬ್ರೇಕು

ಮತ್ತೆ ಸೋರಿದೆ, ಎಂಜಿನ್ನಿನ ಕೆಳಗೆ ಹಾಸಿದ ರಟ್ಟಿನ ಮೇಲೆ ಹೊಸ ಎಣ್ಣೆ ಹನಿ, ಏಳು ತಿಂಗಳಿಂದ ಯಾರೂ ಕಿಕ್ ಹೊಡೆಯದ ಹಳೇ ಬೈಕಿನ ಹೊಟ್ಟೆಯಲ್ಲಿ ಸೋರುವುದಕ್ಕೆ ಇನ್ನೂ ಏನು ಉಳಿದಿದೆ, ಡ್ರಿಲ್ ಮೇಷ್ಟ್ರು ಬಗ್ಗಿ ನೋಡಿದರು, ಸೊಂಟ ಹಿಡಿಯಿತು, ಹಿಡಿಯಲಿ — ಇಂಗ್ಲೆಂಡಿನ ಗಾಡಿ ಸೋರ್ತಾ ಇದ್ರೆ ಜೀವ ಇದೆ ಅಂತ ಅರ್ಥ ಸಾರ್, ನಿಂತರೆ ಹೆದರಬೇಕು, ಎಂದು ಈಗ ಬಾಗಿಲಲ್ಲಿ ನಿಂತಿರುವ ಮೆಕ್ಯಾನಿಕ್ಕು ಒಂದು ದಿನ ಹಲ್ಲು ಕಿರಿದಿದ್ದ, ಮೇಷ್ಟ್ರು ನಕ್ಕಿದ್ದರು, ಮಗನೂ ನಕ್ಕಿದ್ದ, ಈಗ ಆ ಮಾತು ನೆನೆದರೆ ಮೈಯೆಲ್ಲ ಉರಿಯುತ್ತದೆ, ಈ ಕಬ್ಬಿಣಕ್ಕೆ ಜೀವವಿದೆ, ಅವನಿಗಿಲ್ಲ. ಷೆಡ್ಡಿನ ಬಾಗಿಲಲ್ಲಿ ಹಲ್ಲಿನ ಡಾಕ್ಟರು, ಗಾಡಿ ಕೊಳ್ಳಲು ಬಂದವರು, ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ ಮುಖ ಅರಳಿಸಿಕೊಂಡು ನಿಂತಿದ್ದಾರೆ, ಅವರ ಬೆನ್ನಿಗೆ ಮೆಕ್ಯಾನಿಕ್ಕು, ಹಿತ್ತಲಲ್ಲಿ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಾಳೆ, ಬೆಳಿಗ್ಗೆಯೇ ಅವಳದು ಶುರುವಾಗಿತ್ತು, ಇವತ್ತು ಒಂದು ತೀರ್ಮಾನ ಆಗ್ಬೇಕು ನೋಡಿ, ಮಾರ್ತೀರೋ, ರಿಪೇರಿ ಮಾಡಿಸ್ತೀರೋ, ಹೀಗೇ ಇಟ್ಕೊಂಡು ದಿನಾ ಒರೆಸ್ತೀರೋ, ಒಂದು ಲಂಗೋಟಿ ಒಣಹಾಕೋಕೆ ಬಂದ್ರೂ ನಾನು ಅದರ ಮುಖ ನೋಡ್ಬೇಕು. ಮುಖಕ್ಕೇನಾಗಿದೆ, ದೀಪದ ಗಾಜೊಂದು ಒಡೆದಿದೆ, ಗೇರಿನ ಕಡ್ಡಿ ಬಾಗಿದೆ, ಅಷ್ಟೇ, ಅವನನ್ನು ಲಾರಿಯ ಕೆಳಗೆ ಎಸೆದು ತಾನು ರಸ್ತೆಯಂಚಿನ ಹುಲ್ಲಿನ ಮೇಲೆ ಸುಖವಾಗಿ ಮಲಗಿತ್ತಂತೆ, ಪಾಪಿ.

ಇದು ರತ್ನ, ಮೇಷ್ಟ್ರೇ, ಎನ್ನುತ್ತಿದ್ದಾರೆ ಡಾಕ್ಟರು, ಬಲಗಡೆ ಗೇರು, ಎಡಗಡೆ ಬ್ರೇಕು, ಹುಟ್ಟಿದ ಹಾಗೇ ಇದೆ, ಜನ ಇದನ್ನೆಲ್ಲ ಈಗಿನ ಗಾಡಿಗಳ ಥರ ತಿರುಗಿಸಿ ಹಾಳು ಮಾಡ್ತಾರೆ, ಒರಿಜಿನಲ್ ಉಳಿಸಿದ್ದೀರಲ್ಲ, ಪುಣ್ಯ ಕಟ್ಕೊಂಡ್ರಿ ನೀವು — ಪುಣ್ಯ! ಬಾಯಿಗೆ ಹುಳ ಬೀಳ, ಎಂದು ಬೈಯಬೇಕೆನಿಸಿತು, ಆದರೆ ಆತನಿಗೇನು ಗೊತ್ತು, ಲಾರಿಯವನದೇ ತಪ್ಪು ಎಂದು ಊರೆಲ್ಲ ನಂಬಿದೆ, ಹೆಂಡತಿಯೂ ನಂಬಿದ್ದಾಳೆ, ಲಾರಿಯವನಿಗೆ ದಿನಾ ಸಂಜೆ ಹಿಡಿಶಾಪ ಹಾಕುತ್ತಾಳೆ, ಮೇಷ್ಟ್ರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ಗೊತ್ತಿರುವುದು ಮೆಕ್ಯಾನಿಕ್ಕಿಗೆ. ಅವನು ಬಾಗಿದ ಕಡ್ಡಿಯನ್ನೂ ಷೂವನ್ನೂ ನೋಡಿದವನು. ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟ ಬಲಗಾಲಿನ ಷೂ, ಅಟ್ಟೆಯಲ್ಲಿ ಅಡ್ಡಕ್ಕೆ ಬೆರಳು ಕೂರುವಷ್ಟು ತಗ್ಗು, ಅಷ್ಟು ಬಲವಾಗಿ ಒತ್ತಿದ್ದಾನೆ, ಬ್ರೇಕೆಂದು ಗೇರನ್ನು ಒತ್ತಿದ್ದಾನೆ, ಒತ್ತಿದಷ್ಟೂ ಗಾಡಿ ಮೇಲಿನ ಗೇರಿಗೆ ಹೋಗಿದೆ. ನಾಲ್ಕು ವರ್ಷದ ಹಿಂದೆ ಇದೇ ಮೆಕ್ಯಾನಿಕ್ಕು ಹೇಳಿದ್ದ, ಸಾರ್, ಬ್ರೇಕನ್ನ ಬಲಕ್ಕೆ ಹಾಕಿಕೊಡ್ತೀನಿ, ಎರಡು ದಿನದ ಕೆಲಸ, ನಿಮ್ಮ ಮಗ ಹೊಸ ಗಾಡೀಲಿ ಕಲಿತವನು, ಗಾಬರಿ ಆದಾಗ ತಲೆ ಹೇಳಿದ್ದನ್ನ ಕಾಲು ಕೇಳಲ್ಲ. ಏನು ಜಂಬ ಮೇಷ್ಟ್ರಿಗೆ, ಡ್ರಿಲ್ ಮೇಷ್ಟ್ರ ಮಗನಿಗೆ ಎಡ ಬಲ ಗೊತ್ತಿಲ್ಲವೇನಯ್ಯಾ, ಮೂವತ್ತೈದು ವರ್ಷ ಸ್ಕೂಲಿನ ಮೈದಾನದಲ್ಲಿ ಎಡ-ಬಲ ಎಂದು ಕೂಗಿ ಗಂಟಲು ಹರಿದುಕೊಂಡವನು ನಾನು, ಕೈಕಾಲು ತಿರುಗಿಸಿ ಹಾಕೋಕೆ ಇದೇನು ಗೊಂಬೆಯಾ — ಮೆಕ್ಯಾನಿಕ್ಕು ತಲೆ ಕೆರೆದುಕೊಂಡು ಹೋದ, ಇವತ್ತಿನವರೆಗೂ ಅದನ್ನು ಬಾಯಿಬಿಟ್ಟು ಎತ್ತಿ ಆಡಿಲ್ಲ, ಅದೇ ಸಿಟ್ಟು ಮೇಷ್ಟ್ರಿಗೆ, ಆಡಬಾರದೇ, ಅವತ್ತೇ ಹೇಳಿದ್ದೆನಲ್ಲ ಮುದುಕಾ ಎಂದು ಉಗಿಯಬಾರದೇ, ಸುಮ್ಮನೆ ನೆಲ ನೋಡುತ್ತಾನೆ, ಇವನ ದಯೆ ಯಾರಿಗೆ ಬೇಕು.

ಆದರೆ ಜಂಬವನ್ನಾದರೂ ದೇವರು ಕ್ಷಮಿಸಿಯಾನು. ಆ ಬೆಳಗಿನದು? ಮೇಷ್ಟ್ರು ಜಪಕ್ಕೆ ಕೂತಿದ್ದರು, ಇನ್ನು ಒಂಬತ್ತು ಮಣಿ ಉಳಿದಿತ್ತು, ಮಗ ಬಾಗಿಲಲ್ಲಿ ಇಣುಕಿ, ಅಪ್ಪಾ, ನನ್ನ ಗಾಡಿ ಪಂಕ್ಚರ್, ನಿಮ್ಮದು ತಗೊಂಡು ಹೋಗ್ಲಾ ಎಂದ, ಎಡಗಾಲು ಮರೀಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ನಿಂತಿತ್ತು ಸ್ವಾಮೀ, ನಡುವೆ ಮಾತಾಡಿದರೆ ಜಪ ಕೆಡುತ್ತದೆಂದು ಕೈ ಬೀಸಿ ಹೋಗೆಂದು ಸನ್ನೆ ಮಾಡಿದರು, ಅವನು ಹೋದ. ಒಂಬತ್ತು ಮಣಿಯೂ ಸಾಂಗವಾಗಿ ಮುಗಿಯಿತು. ದೇವರೇ, ನಿನ್ನ ಹೆಸರು ಹೇಳುತ್ತಿದ್ದೆನಲ್ಲಾ, ನಿನ್ನದೇ ಹೆಸರು, ಒಂದು ಮಾತು ಆಡಿಬಿಡೋ ಮೂರ್ಖಾ ಎಂದು ನಿನಗೆ ಹೇಳಲಾಗಲಿಲ್ಲವೇ, ನಿನ್ನ ಕಿವಿಗೇನು ಹತ್ತಿ ತುರುಕಿತ್ತೇ, ಈಗಲೂ ದಿನಾ ಕೂರುತ್ತೇನೆ, ಕೂರದೆ ಎಲ್ಲಿಗೆ ಹೋಗಲಿ, ಒಂಬತ್ತು ಉಳಿದಾಗ ಬೆರಳು ನಿಂತುಬಿಡುತ್ತದೆ, ಮುಂದಕ್ಕೆ ಹೋಗುವುದಿಲ್ಲ, ಬೆರಳು ನೋಡಿದರೆ ಅಟ್ಟೆಯ ಆ ತಗ್ಗೇ ನೆನಪಿಗೆ ಬರುತ್ತದೆ — ಒಂದ್ಸಲ ಕೂತು ನೋಡ್ಲಾ ಮೇಷ್ಟ್ರೇ, ಎಂದು ಡಾಕ್ಟರು ಕೇಳುತ್ತಿದ್ದಾರೆ, ಕೇಳುತ್ತಲೇ ಕಾಲು ಹಾಕಿ ಹತ್ತಿದ್ದಾರೆ, ಕ್ಲಚ್ಚು ಹಿಡಿದು ಸ್ಟ್ಯಾಂಡು ತೆಗೆದಿದ್ದಾರೆ, ಷೆಡ್ಡಿನಿಂದ ಗೇಟಿನವರೆಗೆ ಇಳಿಜಾರು, ಗಾಡಿ ತಾನೇ ಮುಂದಕ್ಕೆ ಉರುಳತೊಡಗಿತು, ಡಾಕ್ಟರ ಮುಖದಲ್ಲಿ ತೊಟ್ಟಿಲ ಮಗುವಿನ ನಗು, ಗೇಟು ಹತ್ತಿರ ಬಂತು, ನಗು ಹೋಯಿತು, ಮೇಷ್ಟ್ರಿಗೆ ಕಂಡದ್ದು ಕಾಲೊಂದೇ, ಹೊಳೆಯುವ ಕಪ್ಪು ಷೂ, ಬಲಗಾಲು, ಎದ್ದಿತು, ಕೆಳಗೆ ಒತ್ತಿತು, ಕಟಕ್, ಮತ್ತೆ ಒತ್ತಿತು, ಕಟಕ್ — ಎಡಗಾಲು! ಮೈದಾನದ ಆಚೆ ತುದಿಗೆ ಕೇಳುತ್ತಿದ್ದ ಗಂಟಲು, ಏಳು ತಿಂಗಳು ಒಳಗೇ ಕೊಳೆತದ್ದು, ಎಡಗಾಲು, ಎಡಗಾಲು ಒತ್ತೋ!

ಮೆಕ್ಯಾನಿಕ್ಕು ಓಡಿ ಹಿಂದಿನಿಂದ ಜಗ್ಗಿ ಹಿಡಿದ, ಗಾಡಿ ಗೇಟಿಗೆ ಒಂದು ಗೇಣು ಬಿಟ್ಟು ನಿಂತಿತು. ಡಾಕ್ಟರು ಬೆವರು ಒರೆಸಿಕೊಂಡು ನಗಲು ನೋಡಿದರು, ರೂಢಿ ನೋಡಿ, ಕಾಲು ತಾನಾಗಿ ಹೋಯ್ತು. ಬ್ರೇಕನ್ನ ಬಲಕ್ಕೆ ಹಾಕು, ಎಂದರು ಮೇಷ್ಟ್ರು ಮೆಕ್ಯಾನಿಕ್ಕಿಗೆ, ಹಾಕದೆ ಇದು ಈ ಗೇಟು ದಾಟಕೂಡದು, ಆಮೇಲೆ ಯಾರಿಗೆ ಬೇಕಾದರೂ ಕೊಡು. ಅಯ್ಯೋ, ಒರಿಜಿನಲ್ ಹೋಗುತ್ತಲ್ಲ ಮೇಷ್ಟ್ರೇ! ಹಾಳಾಗಿ ಹೋಗಲಿ. ಮೆಕ್ಯಾನಿಕ್ಕು ನೆಲ ನೋಡುತ್ತ, ಎರಡು ದಿನದ ಕೆಲಸ ಸಾರ್, ಅಂದ, ಅಷ್ಟೇ ಅಂದ, ಅದೇ ಸಾಕಾಯಿತು. ಕೂಗಿಗೆ ಹೆಂಡತಿ ಓಡಿಬಂದಿದ್ದಳು, ಕೈಯಲ್ಲಿ ಹಿಂಡದ ಬಟ್ಟೆ, ನೀರು ಅವಳ ಪಾದದ ಮೇಲೆ ಸುರಿಯುತ್ತಿದೆ, ಅವಳಿಗೆ ಅದರ ಗೊಡವೆಯಿಲ್ಲ, ಡಾಕ್ಟರ ಕಾಲು ನೋಡಿದಳು, ಗೇರಿನ ಕಡ್ಡಿ ನೋಡಿದಳು, ಮೇಷ್ಟ್ರ ಮುಖ ನೋಡಿದಳು, ಏನ್ರೀ ಅದು, ಎಡಗಾಲು ಅಂದ್ರೆ? ಅವನು ಹೊರಟಾಗ ಇದನ್ನ ಹೇಳಿದ್ರಾ ನೀವು? ನೀರು ಸುರಿಯುತ್ತಿದೆ, ಹೇಳ್ರೀ, ಅವನಿಗೆ ಹೇಳಿದ್ರಾ — ಬಲಗಾಲಿನ ಷೂ, ಅಟ್ಟೆಯಲ್ಲಿ ಅಡ್ಡಕ್ಕೆ ಒಂದು ತಗ್ಗು, ಬೆರಳು ಕೂರುವಷ್ಟು, ಒಂದು ಮಣಿ ಕೂರುವಷ್ಟು.