ಕಾರ್ಸಿನಿಯ ತೋಳು, ಗದ್ದದ ಸೂಜಿ

ಕಾರ್ಸಿನಿಯ ಬಲತೋಳಿನ ಗಂಟು ಮತ್ತೆ ಬಂದಿತ್ತು, ಈ ಸಲ ಮಾವಿನ ಓಟೆಯಷ್ಟು ದೊಡ್ಡದಾಗಿ. ಮಾದಿಯುನ್ ಎಂಬ ಊರಿನ ಪೇಟೆಯಲ್ಲಿ ಬೇಯಿಸಿದ ಸೊಪ್ಪಿಗೆ ಕಡಲೆಕಾಯಿ ಚಟ್ನಿ ಸುರಿದು ಮಾರುವವಳಿಗೆ ಬಲಗೈಯೇ ಬಂಡವಾಳ. ಈಗ ಅರೆಯುವಾಗ ಬೆರಳು ಜೋಮು ಹಿಡಿಯುತ್ತಿತ್ತು.

ಹೋದ ವರ್ಷ ಸಣ್ಣ ಚಿಕಿತ್ಸಾಲಯದ ವೈದ್ಯ ಗಂಟನ್ನು ಒತ್ತಿ ನೋಡಿ, ಬರೀ ಕೊಬ್ಬು ಎಂದು ಕೊಯ್ದಿದ್ದ. ಈಗ ಮತ್ತೆ ಕೊಯ್ಯುತ್ತಾನಂತೆ, ಆಮೇಲೂ ಬಂದರೆ ತೋಳೇ ತೆಗೆಯುತ್ತಾನಂತೆ. ಹೇಳುವುದಕ್ಕೇನು, ತೋಳು ಅವನದಲ್ಲವಲ್ಲ.

ಊರಿನ ಆರೋಗ್ಯ ಕಾರ್ಯಕರ್ತೆ ಮುರ್ನಿ ಅಂಗಡಿ ಮುಂದೆ ಕೂತು ಕೇಳಿದಳು. "ಕೊಯ್ಯೋ ಮುಂಚೆ ಎಂ.ಆರ್.ಐ. ಮಾಡಿಸಿದ್ರಾ?"

"ಇಲ್ಲಕ್ಕ."

"ಕೊಯ್ದ ಚೂರನ್ನ ಪರೀಕ್ಷೆಗೆ ಕಳಿಸಿದ್ರಾ?"

"ಕಸದ ಬುಟ್ಟಿಗೆ ಹಾಕಿದ್ರು."

"ಮೀನು ಕೊಳ್ಳೋಳೂ ಕಿವಿರು ಎತ್ತಿ ನೋಡ್ತಾಳಲ್ಲೇ. ನಿನ್ನ ತೋಳಿಗೆ ಮೀನಿನಷ್ಟೂ ಮರ್ಯಾದೆ ಇಲ್ವಾ? ನಡಿ ಜಿಲ್ಲಾಸ್ಪತ್ರೆಗೆ."

ಗಂಡ ದಾರ್ಸೊ ಮೂಗು ಮುರಿದ. "ಎಂ.ಆರ್.ಐ. ಅಂದ್ರೆ ಅದೇನೋ ಅಯಸ್ಕಾಂತದ ಕೊಳವೆಯಂತೆ. ನಮ್ಮ ಮಾಲೀಸಿನ ಅಜ್ಜ ಇನ್ನೊಂದು ವಾರ ತಿಕ್ಕಿದ್ರೆ ಕರಗುತ್ತೆ ಬಿಡಿ."

"ನಿಮ್ಮಜ್ಜ ತಿಕ್ಕಿದ ಮೇಲೇ ನೋವು ಹೆಚ್ಚಾಗಿದ್ದು," ಎಂದಳು ಮುರ್ನಿ.

ಆದರೆ ಬರುವುದಿಲ್ಲ ಎಂದವಳು ಕಾರ್ಸಿನಿಯೇ. ಅಯಸ್ಕಾಂತ ಎಂಬ ಮಾತು ಕೇಳಿದ್ದೇ ಅವಳು ಗದ್ದ ಮುಚ್ಚಿಕೊಂಡಿದ್ದಳು. ವ್ಯಾಪಾರ ಕುದುರಲೆಂದು ಹಿಂದೆ ಒಬ್ಬ ಮಂತ್ರವಾದಿ ಅವಳ ಗದ್ದದ ಚರ್ಮದೊಳಗೆ ಎರಡು ಚಿನ್ನದ ಸೂಜಿ ಕೂರಿಸಿದ್ದ. ಸುಸುಕ್ ಎನ್ನುತ್ತಾರೆ ಅದಕ್ಕೆ; ಇಟ್ಟುಕೊಂಡವರಿಗೆ ನೋಡಿದವರೆಲ್ಲ ಮರುಳಾಗುತ್ತಾರೆಂದು ನಂಬಿಕೆ. ಬಾಯಿಬಿಟ್ಟರೆ ಕೇಡು ಎಂದು ಹೆದರಿಸಿಯೂ ಇದ್ದ. ಪೇಟೆಯ ಎಷ್ಟೋ ಹೆಂಗಸರ ಮೈಯಲ್ಲಿ ಅಂಥದ್ದಿದೆ, ಒಬ್ಬಳೂ ತುಟಿ ಬಿಚ್ಚುವುದಿಲ್ಲ. ತೋಳು ಹೋದರೂ ಸರಿ, ಗುಟ್ಟು ಹೋಗಬಾರದಂತೆ. ಸಿಟ್ಟು ಬರುವುದಿಲ್ಲವೇ ಹೇಳಿ.

ಮರುವಾರ ಗಿರಾಕಿಯ ಮುಂದೆಯೇ ಅವಳ ಕೈಯಿಂದ ತಟ್ಟೆ ಜಾರಿ ಬಿತ್ತು. ಅಂದೇ ಮೂವರೂ ಆಸ್ಪತ್ರೆಗೆ ಹೊರಟರು.

"ಮೈಯಲ್ಲಿ ಲೋಹ ಏನಾದ್ರೂ ಇದೆಯಾ?" ಎಂದು ಎಂ.ಆರ್.ಐ.ಗೆ ಮುಂಚೆ ಅಲ್ಲಿನ ಡಾಕ್ಟರಮ್ಮ ಕೇಳಿದರು.

"ಇಲ್ಲ," ಎಂದಳು ಕಾರ್ಸಿನಿ. ಕೊಳವೆಯ ಕೋಣೆಯ ಬಾಗಿಲಲ್ಲಿ ಅವಳ ಕಾಲು ನಿಂತಿತು. "ಇದೆ. ಗದ್ದದಲ್ಲಿ ಎರಡು ಸೂಜಿ."

ದಾರ್ಸೊ ಪೆಚ್ಚಾದ. "ಹಾಗಾದ್ರೆ ನಾನು ನಿನ್ನ ಮೆಚ್ಚಿದ್ದು ಸೂಜಿಗಾ?"

"ಅದು ವ್ಯಾಪಾರಕ್ಕೆ ರೀ. ನಿಮ್ಮನ್ನ ಸೆಳೆಯೋಕೆ ಅಷ್ಟೆಲ್ಲ ಖರ್ಚು ಯಾಕೆ?"

ಡಾಕ್ಟರಮ್ಮ ನಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತಮ್ಮ. ಅಪ್ಪಟ ಚಿನ್ನ ಆದ್ರೆ ಅಯಸ್ಕಾಂತ ಎಳೆಯಲ್ಲ. ಬೇರೆ ಲೋಹ ಬೆರೆತಿದ್ರೆ ತೊಂದರೆ." ಎಕ್ಸ್‌ರೇ ತೆಗೆಸಿ, ಪರೀಕ್ಷಿಸಿ, ಅಪಾಯವಿಲ್ಲವೆಂದು ಖಚಿತವಾದ ಮೇಲೆ, ಗದ್ದ ಬಿಸಿ ಎನಿಸಿದರೆ ಒತ್ತಲೆಂದು ಅವಳ ಕೈಗೆ ಗುಂಡಿ ಕೊಟ್ಟು ಒಳಗೆ ಮಲಗಿಸಿದರು. ಸದ್ದು ಬಹಳ, ನೋವು ಇಲ್ಲ.

ಚಿತ್ರ ಬಂತು. ಆಮೇಲೆ ಗಂಟಿಗೆ ಸೂಜಿ ಚುಚ್ಚಿ ತೆಗೆದ ಚೂರಿನ ಪರೀಕ್ಷೆಯೂ ಚಿತ್ರ ಹೇಳಿದ್ದನ್ನೇ ಹೇಳಿತು.

"ಇದು ಡೆಸ್ಮಾಯ್ಡ್ ಅನ್ನೋ ಗಂಟು," ಎಂದರು ಡಾಕ್ಟರಮ್ಮ. "ಕ್ಯಾನ್ಸರ್ ಥರ ಬೇರೆ ಅಂಗಕ್ಕೆ ಹರಡಲ್ಲ. ಆದ್ರೆ ಸ್ನಾಯುವಿನೊಳಗೆ ಬೇರು ಬಿಡುತ್ತೆ, ಕೊಯ್ದ್ರೂ ಮತ್ತೆ ಬರಬಹುದು. ನೋಡು, ಕೈ ಆಡಿಸೋ ನರಕ್ಕೆ ಅಂಟಿದೆ. ಈಗ ಕೊಯ್ಯೋದು ಬೇಡ. ಮಾತ್ರೆ ಕೊಡ್ತೀನಿ, ಕೆಲವು ತಿಂಗಳು ಬಿಟ್ಟು ಮತ್ತೆ ಚಿತ್ರ ತೆಗೆದು ನೋಡೋಣ. ಇಂಥ ಕೆಲವು ಗಂಟು ತಾವಾಗೇ ಕುಗ್ಗುತ್ತವೆ."

"ಆ ಚಿಕಿತ್ಸಾಲಯದವ್ರು ಮತ್ತೆ ಕೊಯ್ದಿದ್ರೆ?" ಎಂದಳು ಕಾರ್ಸಿನಿ.

"ನರ ಹೋಗಿ ಕೈ ನೇತಾಡ್ತಿತ್ತು."

ಕಾರ್ಸಿನಿ ಅಳಲಿಲ್ಲ. ಚಿತ್ರದ ಹಾಳೆ ಹಿಡಿದು ನೆಟ್ಟಗೆ ಆ ಚಿಕಿತ್ಸಾಲಯಕ್ಕೆ ಹೋದಳು. "ಇದನ್ನ ನೋಡದೇ ಕತ್ತಿ ಹಾಕಿದ್ರಲ್ಲ, ನಿಮ್ಮ ಮನೆಯವರ ತೋಳಾಗಿದ್ರೆ ಹಾಕ್ತಿದ್ರಾ?" ವೈದ್ಯ ಕನ್ನಡಕ ಒರೆಸುತ್ತ ನಿಂತ. ಸರದಿಯಲ್ಲಿ ಕೂತಿದ್ದ, ತೊಡೆಯಲ್ಲಿ ಗಂಟಿದ್ದ ಮುದುಕನೊಬ್ಬ ಎದ್ದು ಅವಳ ಹಿಂದೆಯೇ ನಡೆದ.

ನೀವೂ ಏಳಿ. ಕೈಕಾಲಿನಲ್ಲಿ ಬೆಳೆಯುವ ಗಂಟನ್ನು ತಿಕ್ಕಿಸಬೇಡಿ. ಕೊಯ್ಯಲು ಬಂದವರನ್ನು ಮೊದಲು ಕೇಳಿ, ಒಳಗೆ ನೋಡಿದ್ದೀರಾ ಎಂದು. ಮೈಯಲ್ಲಿ ಸೂಜಿಯಿರಲಿ, ಮೊಳೆಯಿರಲಿ, ಕೊಳವೆಗೆ ಹೋಗುವ ಮುಂಚೆಯೇ ಹೇಳಿಬಿಡಿ. ಕಾರ್ಸಿನಿ ಗುಟ್ಟು ಬಿಟ್ಟುಕೊಟ್ಟಳು; ಅವಳ ಅಂಗಡಿ ಮುಂದೆ ಇವತ್ತೂ ಜನ ಸಾಲುಗಟ್ಟಿದ್ದಾರೆ, ಮಾತ್ರೆಯಿಂದ ಜೋಮು ಇಳಿದು ಚಟ್ನಿ ಅರೆಯುತ್ತಿರುವುದು ಅದೇ ಬಲಗೈ.